ಕೆಳಗಿದ್ದ ಉತ್ತರ

ಲಾಕ್‌ಡೌನ್ ಮುಗಿದ ಮರುವರ್ಷ. ನಾನು ಸುರಪುರದ ಒಂದು ರೈತ ಸಂಘದ ಕಚೇರಿಯಲ್ಲಿ ಕ್ಲರ್ಕ್. ಈಗಲೂ ಅಲ್ಲೇ ಇದ್ದೇನೆ. ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸವೂ ನನ್ನದೇ. ಅಲ್ಲಿ ರೈತರು ಪ್ರಶ್ನೆ ಕೇಳುತ್ತಾರೆ, ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಓದಿದವರು ಹೆಬ್ಬೆಟ್ಟಿನ ಚಿತ್ರ ಒತ್ತಿದರೆ ಅದು ಒಂದು ವೋಟು. ಹೆಚ್ಚು ವೋಟು ಬಿದ್ದ ಉತ್ತರ ಮೇಲೆ, ವೋಟಿಲ್ಲದೆ ತಡವಾಗಿ ಬಂದದ್ದು ಕೆಳಗೆ. ಇದಕ್ಕಿಂತ ನ್ಯಾಯವಾದ ಕ್ರಮ ಇರಲಾರದು ಎಂದು ನಾನು ನಂಬಿದ್ದೆ.

ನನ್ನ ಯಜಮಾನರು ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾಗಿದ್ದರು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಬರೆಯುತ್ತಿದ್ದರು. ಅವರದು ಮುಗಿಯುವಷ್ಟರಲ್ಲಿ ನಾಲ್ಕೈದು ಜನ ಬರೆದಾಗಿರುತ್ತಿತ್ತು.

ಒಂದು ಮಧ್ಯಾಹ್ನ ಕೊಂಕಲ್‌ನ ಮಲ್ಲಮ್ಮ ಪ್ರಶ್ನೆ ಹಾಕಿದಳು. ನೆರೆಮನೆಯ ಮದುವೆಯಲ್ಲಿ ಉಳಿದ ಅನ್ನವನ್ನು ಪ್ರೀತಿಯಿಂದ ಎಮ್ಮೆಗೆ ಬುಟ್ಟಿಗಟ್ಟಲೆ ತಿನ್ನಿಸಿದ್ದಳು. ಈಗ ಅದು ಮೇವು ಮುಟ್ಟುತ್ತಿಲ್ಲ, ಹೊಟ್ಟೆ ಬಿಗಿದಿದೆ. ಅವಳ ಮನೆ ನಡೆಯುತ್ತಿದ್ದುದೇ ಆ ಒಂದು ಎಮ್ಮೆಯ ಹಾಲಿನಿಂದ.

ಮೊದಲ ಉತ್ತರ ಕೆಂಭಾವಿಯ ನಿವೃತ್ತ ಹೆಡ್‌ಮಾಸ್ತರರದು: ಎಣ್ಣೆ ಕುಡಿಸಿ, ಎರಡು ದಿನ ಕಾಯಿರಿ. ಅವರ ಹತ್ತಿರ ಕಲಿತವರು ಸುತ್ತಲಿನ ಊರುಗಳಲ್ಲೆಲ್ಲ ಇದ್ದಾರೆ. ಮಾಸ್ತರರ ಹೆಸರು ಕಂಡರೆ ಹೆಬ್ಬೆಟ್ಟು ಒತ್ತುವುದು, ದಾರಿಯಲ್ಲಿ ಎದುರಾದಾಗ ಮಾಡುವ ನಮಸ್ಕಾರದಂತೆ. ಹನ್ನೊಂದು ವೋಟು ಬಿದ್ದವು. ನನ್ನವರ ಉತ್ತರ ಐದನೆಯದು: ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ ವಿಷವಾಗಿದೆ, ಕಾಯಬೇಡಿ, ಅಡುಗೆ ಸೋಡಾದ ನೀರು ಕುಡಿಸಿ ಇವತ್ತೇ ಡಾಕ್ಟರನ್ನು ಕರೆಸಿ. ಅದಕ್ಕೆ ಒಂದೂ ವೋಟಿಲ್ಲ.

ಮೂರನೆಯ ದಿನ ಎಮ್ಮೆ ಸತ್ತಿತು. ನಾವಿಬ್ಬರೂ ಕೊಂಕಲ್‌ಗೆ ಹೋದೆವು.

“ಕೆಳಗ ನೋಡ್ಲಿಲ್ಲೇನವ್ವಾ?” ಎಂದು ಇವರು ಮೆಲ್ಲಗೆ ಕೇಳಿದರು.

“ಹತ್ತು ಮಂದಿ ಹೌದು ಅಂದಮ್ಯಾಲ ಕೆಳಗ ಯಾಕ ನೋಡ್ಲಿರಿ ಯಪ್ಪಾ? ಎಣ್ಣಿ ಕುಡಸೂಕಿಂತ ಮೊದಲ ಹನ್ನೊಂದನೇದು ನಾನೇ ಒತ್ತೀನ್ರಿ,” ಎಂದಳು ಮಲ್ಲಮ್ಮ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು, “ಇನ್ಮ್ಯಾಲ ನಿಮ್ಮ ಉತ್ತರ ಮ್ಯಾಲ ಇಡ್ತೀನ್ರಿ. ಅದು ನನ್ನ ಕೈಯಾಗ ಅದ,” ಎಂದೆ.

“ಹುಚ್ಚಿ ಇದ್ದೀ ಏನು? ಮಾಸ್ತರನ ಇಳಿಸಿ ನನ್ನ ಕೂಡಿಸಿದಂಗಾತು. ನಾ ತಪ್ಪು ಬರದ ದಿನ ಯಾರ ಎಮ್ಮಿ ಸಾಯಬೇಕು?” ಎಂದರು ಅವರು.

ಆಮೇಲೆ ಲಸಿಕೆ ಹಾಕುವ ತಮ್ಮ ರೂಢಿ ಹೇಳಿದರು. ಓಣಿಯ ಒಂದೇ ತುದಿಯಿಂದ ಶುರುಮಾಡಿದರೆ ಕೊನೆಯ ಮನೆಯ ದನಗಳಿಗೆ ಪ್ರತಿಸಲ ದಣಿದ ಕೈಯೇ ಸಿಗುತ್ತದೆ. ಅದಕ್ಕೆ ಅವರು ಒಮ್ಮೆ ಈ ತುದಿಯಿಂದ, ಒಮ್ಮೆ ಆ ತುದಿಯಿಂದ ಹೊರಡುತ್ತಿದ್ದರಂತೆ.

ವೆಬ್‌ಸೈಟ್ ಮಾಡಿಕೊಟ್ಟ ಯಾದಗಿರಿಯ ಇಂಜಿನಿಯರಿಗೆ ಹೇಳಿ ಕ್ರಮ ಬದಲಾಯಿಸಿದೆ. ಪ್ರಶ್ನೆ ಬಂದ ಮೊದಲ ಎರಡು ದಿನ ಬರೆದವರ ಹೆಸರೂ ಕಾಣುವುದಿಲ್ಲ, ವೋಟೂ ಕಾಣುವುದಿಲ್ಲ. ಪುಟ ತೆರೆದಾಗಲೆಲ್ಲ ಬೇರೊಂದು ಉತ್ತರ ಮೇಲೆ ಬರುತ್ತದೆ. ಇಂಜಿನಿಯರ್ ಇದನ್ನು ರ‍್ಯಾಂಡಮ್ ಆರ್ಡರ್ ಎಂದರು. ಆಮೇಲೆ ಮತ್ತೆ ವೋಟಿನದೇ ಕ್ರಮ, ಆದರೆ ಸಮ ವೋಟಿನ ಉತ್ತರಗಳು ಹೀಗೆಯೇ ಜಾಗ ಬದಲಿಸುತ್ತವೆ.

ಮಾಸ್ತರರು ಕಚೇರಿಗೇ ಬಂದರು. “ನನ್ನ ಹೆಸರೇ ತೆಗದ್ರ ನನ್ನ ಮಾತು ಯಾರ್ ಕೇಳ್ತಾರವ್ವಾ?”

“ಮಾತು ಬರೋಬರಿ ಇದ್ರ ಕೇಳ್ತಾರ್ರಿ ಸರ,” ಎಂದೆ. ಎಮ್ಮೆಯ ವಿಷಯವನ್ನೂ ಹೇಳಿದೆ.

 ಮಾಸ್ತರರು ಏಳುವಾಗ, ಮಲ್ಲಮ್ಮನ ಮನೆ ಯಾವ ಓಣಿಯಲ್ಲಿದೆ ಎಂದು ಕೇಳಿದರು.

ಹೋದ ವರ್ಷ ನನ್ನವರು ತೀರಿಕೊಂಡರು. ಮತ್ತೆ ಕೆಲಸಕ್ಕೆ ಹೋದ ದಿನ ಅವರ ಉತ್ತರಗಳನ್ನು ಒಂದೊಂದಾಗಿ ತೆರೆದೆ. ‘ಮೇಲೆ ನಿಲ್ಲಿಸು’ ಎಂಬ ಗುಂಡಿ ನನಗೆ ಮಾತ್ರ ಕಾಣುತ್ತದೆ. ಒತ್ತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಒತ್ತಲಿಲ್ಲ. ಉತ್ತರಗಳನ್ನು ಸಾಲಿಗೆ ಇಡುವವಳಿಗೆ ತನ್ನವರು ಎಂಬುವರು ಇರಬಾರದು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ವೋಟು ಸಮವಿದ್ದ ಕಡೆ ಅವರ ಉತ್ತರ ಕೆಲವೊಮ್ಮೆ ಮೊದಲು ಬರುತ್ತದೆ, ಕೆಲವೊಮ್ಮೆ ಕೊನೆಗೆ. ಕೊನೆಗೆ ಬಂದಾಗ, ಮೇಲಿನವರು ಬರೆದದ್ದನ್ನೆಲ್ಲ ಓದುತ್ತ ಅಲ್ಲಿಯವರೆಗೆ ಹೋಗುತ್ತೇನೆ.