ತುಂಬಿದ ಲೋಟದ ಇಂಜಿನಿಯರು

ರಸ್ತೆ ಮಾಡಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಾಡಿಸಿದ ರಸ್ತೆಯ ಮೇಲೆ ಮರುದಿನ ತಾವೇ ನಡೆದು ನೋಡುವವರು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯವರಲ್ಲಿ ಶ್ರೀ ಲಿಂಗರಾಜ ಹಂಚಿನಾಳ ಅವರದು ಮೊದಲ ಹೆಸರು. ಗದಗಿನಲ್ಲಿ ಹುಟ್ಟಿ, ಗುಜರಾತಿನ ನಗರಗಳಲ್ಲಿ ರಸ್ತೆ ಮತ್ತು ಫುಟ್‌ಪಾತ್‌ಗಳ ನಕ್ಷೆ ಮಾಡಿಕೊಟ್ಟು ಕೆಲಸದ ತಪಾಸಣೆಯನ್ನೂ ನಡೆಸುವ ಖಾಸಗಿ ಸಲಹಾ ಸಂಸ್ಥೆಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು, 2006ರ ಮೇ ತಿಂಗಳಲ್ಲಿ ನಿವೃತ್ತರಾದ ಈ ಹಿರಿಯರನ್ನು ಅಹಮದಾಬಾದ್, ಸೂರತ್, ವಡೋದರಾಗಳ ಹೊಂಡಗುಂಡಿಗಳೆಲ್ಲ ಹೆಸರು ಹಿಡಿದು ಗುರುತಿಸುತ್ತವೆ ಎಂದು ಅವರ ಪತ್ನಿ ಶ್ರೀಮತಿ ರಮಾಮಣಿಯವರು ತಮಾಷೆ ಮಾಡುವುದುಂಟು. ಬೆಳಗಿನ ವಾಕಿಂಗಿಗೆ ಹೋದವರು ಒಂದು ಮುರಿದ ಚಪ್ಪಡಿಯ ಮುಂದೆ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟರೆ ಮನೆಯಾಕೆ ಇನ್ನೇನು ಹೇಳಿಯಾರು?

2000ದ ಬೇಸಿಗೆಯಲ್ಲಿ ಅವರು ಅಹಮದಾಬಾದಿನ ನರೋಡಾ ಕೈಗಾರಿಕಾ ಪ್ರದೇಶದಲ್ಲಿದ್ದರು. ಲಾರಿಗಳ ಭಾರಕ್ಕೆ ಅಲ್ಲಿನ ರಸ್ತೆ ಕಿತ್ತುಹೋಗಿ, ಡಾಂಬರು ಹಾಕುವ ಕೆಲಸ ನಡೆದಿತ್ತು. ಕಾದ ಜಲ್ಲಿಯ ಮೇಲೆ ಓಡಾಡುವ ಕೂಲಿ ಹೆಣ್ಣುಮಕ್ಕಳು ಕಾಲಿಗೆ ಗೋಣಿಯ ಚೂರು ಸುತ್ತಿಕೊಂಡಿದ್ದನ್ನು ಕಂಡ ಲಿಂಗರಾಜರು ರೋಲರಿನ ಕೀಲಿಯನ್ನು ಸದ್ದಿಲ್ಲದೆ ತಮ್ಮ ಜೇಬಿಗಿಳಿಸಿದರು. ಗುತ್ತಿಗೆದಾರ ಕೂಗಾಡಿದ, ಗೋಗರೆದ, ಮೇಲಿನವರಿಗೆ ಫೋನು ಮಾಡಿಸಿದ. ಇವರು ಮಾತ್ರ ಬೇವಿನ ಮರದಡಿ ಎರಡು ದಿನ ಪೇಪರು ಓದುತ್ತ ಕುಳಿತರು. ಮೂರನೆಯ ದಿನ ನಲವತ್ತು ಜೊತೆ ರಬ್ಬರ್ ಬೂಟು ಬಂದವು, ಕೀಲಿ ಹೊರಗೆ ಬಂತು.

ಅವರ ಹೆಸರಿನೊಂದಿಗೆ ಅಂಟಿಕೊಂಡಿರುವ ಲೋಟ ಸಿಕ್ಕಿದ್ದು 2002ರಲ್ಲಿ, ಸೂರತ್ತಿನ ವರಾಛಾದಲ್ಲಿ. ಅಲ್ಲಿನ ವಜ್ರದ ಕಾರ್ಖಾನೆಗಳಿಗೆ ಚಹಾ ಹೊತ್ತು ಕೊಡುತ್ತಿದ್ದ ಇಂದುಮತಿಬೆನ್ ಎಂಬ ನಡುವಯಸ್ಸಿನ ಹೆಂಗಸು, ಇವರು ಫುಟ್‌ಪಾತಿನ ಮಟ್ಟ ಅಳೆಯುವ ಯಂತ್ರಕ್ಕೆ ಕಣ್ಣಿಟ್ಟು ನಿಂತಿದ್ದನ್ನು ನಾಲ್ಕು ದಿನ ನೋಡಿ, ಐದನೆಯ ದಿನ ತಡೆಯಲಾರದೆ, “ಸಾಹೇಬ್, ಮಶೀನ್ ಛೋಡೋ, ಮೇರೀ ಚಾಯ್ ಸೇ ಪೂಛೋ” ಎಂದಳು. ಯಂತ್ರಕ್ಕಿಂತ ತನ್ನ ಚಹಾವನ್ನೇ ಕೇಳು ಎಂದ ಆಕೆಯ ಮಾತಿಗೆ ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಲಿಂಗರಾಜರು ಅಂಚಿನವರೆಗೆ ತುಂಬಿದ ಒಂದು ಲೋಟ ಇಸಿದುಕೊಂಡು ನಡೆದರು. ಆರನೆಯ ಚಪ್ಪಡಿ ದಾಟುವಷ್ಟರಲ್ಲಿ ಅಂಗಿಯ ತೋಳು ತೊಯ್ದಿತ್ತು. ಅಂದಿನಿಂದ ಯಾವ ಫುಟ್‌ಪಾತಿಗೂ ಅವರು ತುಂಬಿದ ಲೋಟ ಹಿಡಿದು ನಡೆಯದೆ ಸಹಿ ಹಾಕಿದ್ದಿಲ್ಲ. ಹನಿ ಬಿದ್ದಲ್ಲಿ ಸೀಮೆಸುಣ್ಣದ ಗುರುತು, ಗುರುತು ಬಿದ್ದಲ್ಲಿ ಮೇಸ್ತ್ರಿಗೆ ಮರುಗೆಲಸ.

2004ರಲ್ಲಿ ವಡೋದರಾಕ್ಕೆ ವರ್ಗವಾದಾಗ ಲೋಟಕ್ಕೆ ಚಹಾದ ಬದಲು ಕಾಫಿ ಒದಗಿತು. ಕಚೇರಿಯಿರುವ ಬೀದಿಯಲ್ಲೇ ಪದ್ಮನಾಭ ಭಟ್ಟರ ಉಡುಪಿ ಹೋಟೆಲು. ಆ ಬೀದಿಯ ಫುಟ್‌ಪಾತ್ ಬಾಯ್ದೆರೆದ ಚರಂಡಿ, ಎದ್ದ ಚಪ್ಪಡಿಗಳ ಸಂತೆಯಾಗಿತ್ತು. ಉಳಿದ ಸಮತಟ್ಟು ಜಾಗದಲ್ಲಿ ಸ್ಕೂಟರುಗಳು ಓಡುತ್ತಿದ್ದವು. ಲಿಂಗರಾಜರು ಮುತುವರ್ಜಿಯಿಂದ ಹೊಸ ನಕ್ಷೆ ಬರೆದರು. ಸ್ಕೂಟರು ಹತ್ತಬಾರದೆಂದು ಎತ್ತರವನ್ನು ಹದಿನಾರು ಇಂಚಿಗೆ ಏರಿಸಿದರು. 2005ರ ಕೊನೆಗೆ ಕೆಲಸ ಮುಗಿದಾಗ, ಅಷ್ಟೇ ಎತ್ತರದ ಹೋಟೆಲಿನ ಜಗಲಿಯ ಮೇಲೆ ನಿಂತು ಭಟ್ಟರು ಲೋಟ ಕೈಗಿತ್ತರು. ಇವರು ಎರಡು ಫರ್ಲಾಂಗು ಹೋಗಿ ಬಂದರು, ಒಂದು ಹನಿಯೂ ಚೆಲ್ಲಲಿಲ್ಲ. ಮುಂದಿನ ಬೇಸಿಗೆಯ ನಿವೃತ್ತಿಗೆ ಸಂಸ್ಥೆಯ ಅತ್ಯುತ್ತಮ ಸೇವಾ ಪ್ರಶಸ್ತಿ ಇವರಿಗೇ ಎಂದು ಕಚೇರಿಯಲ್ಲಿ ಮಾತಾಯಿತು. ಪ್ರಶಸ್ತಿಯ ಫಲಕಕ್ಕೆಂದು ಮನೆಯ ಗೋಡೆಗೆ ಮೊಳೆಯನ್ನೂ ಹೊಡೆದಾಯಿತು.

ಅಷ್ಟರಲ್ಲಿ ಹೋಟೆಲಿನ ಚಟ್ನಿ ಕೆಟ್ಟಿತು. ಒಂದು ವಾರ ಸಹಿಸಿದ ಲಿಂಗರಾಜರು ಎಂಟನೆಯ ದಿನ ಭಟ್ಟರನ್ನು ಕೇಳಿಯೇಬಿಟ್ಟರು. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಬೀದಿಯ ಆ ತುದಿಯ ಮನೆಯಿಂದ ನಡೆದು ಬಂದು ಚಟ್ನಿಯ ಹದ ನೋಡುತ್ತಿದ್ದವರು ಭಟ್ಟರ ಹೆಂಡತಿ ರುಕ್ಮಿಣಿಯಮ್ಮ. ಮಂಡಿನೋವಿನ ಆಕೆಗೆ ಹೊಸ ಫುಟ್‌ಪಾತ್ ಹತ್ತಲಾಗದೆ ರಸ್ತೆಯಲ್ಲೇ ಬರುತ್ತಿದ್ದಾಗ ಸ್ಕೂಟರೊಂದು ಸವರಿಕೊಂಡು ಹೋಗಿ ಮೊಣಕೈ ತರಚಿತ್ತು. ಅಂದಿನಿಂದ ಮನೆಯವರು ಆಕೆಯನ್ನು ಹೊರಗೆ ಬಿಟ್ಟಿರಲಿಲ್ಲ.

ಲಿಂಗರಾಜರು ಅರ್ಧ ತಿಂದ ಇಡ್ಲಿ ಬಿಟ್ಟು ಆ ಮನೆಗೆ ನಡೆದರು. ರುಕ್ಮಿಣಿಯಮ್ಮ ಆದರದಿಂದಲೇ ಕೂರಿಸಿದರು. “ನಿಮ್ಮ ಫುಟ್‌ಪಾತ್ ಚೆಂದ ಉಂಟು ಮಾರಾಯ್ರೆ, ನೋಡ್ಲಿಕ್ಕೆ. ಲೋಟ ಹಿಡ್ಕೊಂಡು ಅದ್ರ ಮೇಲೆ ನಡೆದ್ರಿ ಅಂತ ಇವ್ರು ಹೇಳಿದ್ರು. ಲೋಟ ಹಿಡ್ಕೊಂಡು ಹತ್ತಿದ್ರಾ?” ಎಂದು ಕೇಳಿದರು.

ನಾಲ್ಕು ವರ್ಷ ಮೂರು ನಗರಗಳಲ್ಲಿ ಲಿಂಗರಾಜರು ಬರಿಗೈಯಲ್ಲಿ ಹತ್ತಿ ನಿಂತ ಮೇಲೆಯೇ ಯಾರಾದರೂ ಲೋಟ ಕೊಡುತ್ತಿದ್ದರು. ಅಡ್ಡರಸ್ತೆ ಬಂದಾಗ ಅದನ್ನು ಜೊತೆಯವರ ಕೈಗಿತ್ತು ಇಳಿದು, ಆಚೆ ಹತ್ತಿದ ಮೇಲೆ ಮತ್ತೆ ಇಸಿದುಕೊಳ್ಳುತ್ತಿದ್ದರು. ಹತ್ತುವುದು, ಇಳಿಯುವುದು ಪರೀಕ್ಷೆಯೊಳಗೆ ಬಂದೇ ಇರಲಿಲ್ಲ. ಆಕೆಯ ಮನೆಯಿಂದಲೇ ತುಂಬಿದ ಲೋಟ ಹಿಡಿದು ಹೊರಟು, ರಸ್ತೆಯಿಂದ ಫುಟ್‌ಪಾತಿಗೆ ಕಾಲೆತ್ತಿಟ್ಟರು. ಅರ್ಧ ಕಾಫಿ ಎದೆಯ ಮೇಲೆ ಸುರಿಯಿತು. ಬೀದಿಯ ಜನ ನಕ್ಕರು, ಅವರೂ ನಕ್ಕರು. ಆದರೆ ಒಳಗೆ ನಾಚಿಕೆಯಿಂದ ಕುಗ್ಗಿಹೋಗಿದ್ದರು. ಹಿಂದಿರುಗಿ ಬಂದು, “ಅಕ್ಕಾರ, ತಪ್ಪು ನಂದ ಐತ್ರಿ. ನಾನ ಸರಿ ಮಾಡ್ತೀನ್ರಿ” ಎಂದರು.

ಸರಿ ಮಾಡಬೇಕೆಂದರೆ ನಕ್ಷೆಯೇ ತಪ್ಪೆಂದು ತಮ್ಮ ಕೈಯಾರೆ ಬರೆದುಕೊಡಬೇಕಿತ್ತು. ಸಂಸ್ಥೆಯ ಮುಖ್ಯಸ್ಥರಾದ ಸತ್ಯಪ್ರಕಾಶರು ಇವರ ಹಿತೈಷಿಗಳೇ. ನಿವೃತ್ತಿಗೆ ನಾಲ್ಕೇ ತಿಂಗಳಿರುವಾಗ ಹೀಗೊಂದು ಕಾಗದ ಕಡತಕ್ಕೆ ಸೇರಿದರೆ ಪ್ರಶಸ್ತಿಗೆ ಹೆಸರು ಕಳಿಸಲಾಗುವುದಿಲ್ಲ, ಮುಂದೆ ಬರುವವರು ನೋಡಿಕೊಳ್ಳುತ್ತಾರೆ, ಸುಮ್ಮನಿರಿ ಎಂದು ಎರಡು ಸಲ ತಿಳಿಹೇಳಿದರು. ಲಿಂಗರಾಜರಿಗೆ ಪ್ರಶಸ್ತಿಯ ಆಸೆಯಿರಲಿಲ್ಲವೆಂದು ಇಲ್ಲಿ ಬರೆದರೆ ಅದು ಸುಳ್ಳಾದೀತು. ಬಹಳ ಆಸೆಯಿತ್ತು. ಅಂದು ಸಂಜೆ ಗೋಡೆಯ ಮೊಳೆಯನ್ನು ಸಾಕಷ್ಟು ಹೊತ್ತು ನೋಡಿದರಂತೆ. ಮರುದಿನ ಬೆಳಿಗ್ಗೆ ಕಾಗದ ಬರೆದುಕೊಟ್ಟರು. ಮರುಗೆಲಸಕ್ಕೆ ಒಪ್ಪಿಗೆ ಸಿಕ್ಕಿತು, ಪ್ರಶಸ್ತಿ ಬೇರೆಯವರ ಪಾಲಾಯಿತು. ಆ ಮೊಳೆಗೆ ರಮಾಮಣಿಯವರು ಕ್ಯಾಲೆಂಡರು ತೂಗುಹಾಕಿದರು.

ಆಮೇಲಿನ ಹತ್ತು ವಾರ ಅವರ ಉತ್ಸಾಹ ನೋಡಬೇಕಿತ್ತು. ತಾವೇ ಕಟ್ಟಿಸಿದ್ದನ್ನು ತಾವೇ ನಿಂತು ಒಡೆಸಿ, ಎತ್ತರವನ್ನು ಆರು ಇಂಚಿಗೆ ಇಳಿಸಿದರು. ಅಡ್ಡರಸ್ತೆ ಬಂದಲ್ಲೆಲ್ಲ ಇಳಿಜಾರು ಮಾಡಿಸಿ, ಸ್ಕೂಟರು ನುಗ್ಗದಂತೆ ಕಲ್ಲಿನ ಗೂಟ ನೆಡಿಸಿದರು. ನಡುವೆ ಎರಡು ಭಾನುವಾರ ಸ್ವಂತ ಖರ್ಚಿನಲ್ಲಿ ಸೂರತ್ತಿಗೂ ನರೋಡಾಕ್ಕೂ ಹೋಗಿ, ತಾವು ಹಿಂದೆ ಸಹಿ ಹಾಕಿದ್ದ ಫುಟ್‌ಪಾತ್‌ಗಳನ್ನು ಲೋಟ ಹಿಡಿದು ಹತ್ತಿ ಇಳಿದು, ಎಡವಟ್ಟಾದ ಜಾಗಗಳ ಪಟ್ಟಿಯನ್ನು ಸಂಬಂಧಪಟ್ಟವರಿಗೆ ಕಳಿಸಿದರು.

ಮೇ ಮೂವತ್ತೊಂದರಂದು ಕಚೇರಿಯಲ್ಲಿ ಬೀಳ್ಕೊಡುಗೆ. ಭಾಷಣಗಳು ಉದ್ದವಾಗಿದ್ದವು, ಲಿಂಗರಾಜರು ಎಲ್ಲವನ್ನೂ ಕಲ್ಲಿನಂತೆ ಕುಳಿತು ಕೇಳಿದರು. ಅಷ್ಟರಲ್ಲಿ ಬಾಗಿಲಲ್ಲಿ ರುಕ್ಮಿಣಿಯಮ್ಮ ಕಾಣಿಸಿಕೊಂಡರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಅಂಚಿನವರೆಗೆ ಕಾಫಿ ತುಂಬಿದ ಲೋಟ. ಮನೆಯಿಂದ ಎರಡು ಅಡ್ಡರಸ್ತೆ ದಾಟಿ, ಇಳಿದು ಹತ್ತಿ, ಒಬ್ಬರೇ ನಡೆದು ಬಂದಿದ್ದರು. “ನೋಡಿ, ಸೆರಗಿಗೆ ಒಂದು ಹನಿ ಬಿದ್ದಿದ್ರೆ ಕೇಳಿ” ಎಂದು ಲೋಟ ಮುಂದೆ ಹಿಡಿದರು. ಲಿಂಗರಾಜರು ಎದ್ದು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಲೋಟ ಹಿಡಿದೇ ಆಕೆಗೆ ತಲೆಬಾಗಲು ಹೋಗಿ, ಕಾಫಿಯನ್ನು ತಮ್ಮ ಹೊಸ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು.

ಆ ಅಂಗಿಯನ್ನು ಅವರು ಒಗೆಯಲು ಹಾಕಿಲ್ಲ. ಕ್ಯಾಲೆಂಡರು ತೆಗೆದು ಅದೇ ಮೊಳೆಗೆ ತೂಗುಹಾಕಿದರು, ಊರು ಬದಲಿಸಿದಾಗ ಮೊಳೆಯನ್ನೂ ಕಿತ್ತು ತಂದು ಹೊಸ ಮನೆಯ ಗೋಡೆಗೆ ಹೊಡೆದಿದ್ದಾರೆ. ಈಗ ಅವರು ನೆಲೆಸಿರುವ, ಅಹಮದಾಬಾದಿನ ಅಂಚಿನ ಬಡಾವಣೆಯಾದ ಬೋಪಾಲಿನಲ್ಲಿ ಹತ್ತು ಮಹಡಿಯ ಕಟ್ಟಡಗಳಿವೆ, ನಡೆಯಲು ಒಂದಡಿ ಫುಟ್‌ಪಾತಿಲ್ಲ. ಅಲ್ಲಿ ಆಗಲೇ ಅರ್ಜಿ ಬರೆಯಲು ಕುಳಿತಿರುವ ಶ್ರೀ ಲಿಂಗರಾಜರಿಗೆ ದೇವರು ದೀರ್ಘಾಯುಷ್ಯವನ್ನೂ ಗಟ್ಟಿ ಮಂಡಿಗಳನ್ನೂ ಕೊಡಲಿ. ಅಲ್ಲಿಯೂ ಒಂದು ಫುಟ್‌ಪಾತ್ ಆಗಿ, ಅದರ ಮೊದಲ ಲೋಟ ಹಿಡಿದು ಹತ್ತಲು ರುಕ್ಮಿಣಿಯಮ್ಮನವರಿಗೆ ಕರೆ ಬರಲಿ.