ಕಪ್ಪ ಕೊಟ್ಟವಳು

ಹಬ್ಬದ ಹಿಂದಿನ ದಿನ ಬೆಳ್ಳಿ ಸಾಮಾನು ತಿಕ್ಕುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಅದಕ್ಕೆಂದೇ ಅಂಗಡಿಯಲ್ಲಿ ಪಾಲಿಶ್ ಸಿಗುತ್ತದೆ, ಹಚ್ಚಿ ಒರೆಸಿದರೆ ಎರಡು ನಿಮಿಷದ ಕೆಲಸ ಎಂದು ನನ್ನ ಮಗಳು ಇಂಗ್ಲಿಷಿನಲ್ಲಿ ಪ್ರತಿ ವರ್ಷ ಉಪದೇಶ ಮಾಡುತ್ತಾಳೆ. ನಾನು ಮಾತ್ರ ಅಮ್ಮನ ಹಾಗೆ ಒದ್ದೆ ವಿಭೂತಿಯಲ್ಲೇ ಉಜ್ಜುತ್ತೇನೆ. ಕಪ್ಪಾದ ಬೆಳ್ಳಿಗೆ ವಿಭೂತಿ ತಾಗಿದಾಗ ಒಂದು ವಾಸನೆ ಏಳುತ್ತದೆ. ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬರುವಂಥದ್ದು. ನಿಮಗೂ ಗೊತ್ತಿರಬೇಕು.

ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ದೀಪ ಉಜ್ಜುತ್ತಿದ್ದಾಗ ಆ ವಾಸನೆಗೆ ಕೈ ನಿಂತುಬಿಟ್ಟಿತು. ನಾಲ್ಕು ವರ್ಷದ ಹಿಂದೆ ಇದೇ ಸಿಂಕಿನ ಪಕ್ಕ ನಿಂತು, ತೊಳೆದ ಬಟ್ಟಲೊಂದನ್ನು ಬೆಳಕಿಗೆ ಹಿಡಿದು ಸುನಂದಾ ಕೇಳಿದ್ದಳು. “ಆಂಟಿ, ಸಾವಿರ ವರ್ಷದ ಹಿಂದಿನ ಇಂಗ್ಲೆಂಡಿನ ಬೆಳ್ಳಿ ನಾಣ್ಯ ಇಂಗ್ಲೆಂಡಿಗಿಂತ ಜಾಸ್ತಿ ಸ್ವೀಡನ್ನಿನ ಹೊಲಗಳಲ್ಲಿ ಸಿಗುತ್ತೆ. ಯಾಕೆ ಹೇಳಿ?”

“ಹೌದಾ? ಆ ಬಟ್ಟಲು ಇತ್ತ ಕೊಡು” ಎಂದಿದ್ದೆ ನಾನು. ನನ್ನ ಇತಿಹಾಸದ ಆಸಕ್ತಿ ಇಷ್ಟೇ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸುನಂದಾ ಸ್ಯಾನ್ ಡಿಯೆಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯ ನಮ್ಮ ಬೀದಿಯಲ್ಲಿ ಎರಡು ಮನೆ ಆಚೆ ಇದ್ದವಳು. ಮೈಸೂರಿನವಳು. ಗಂಡ ಕಿರಣ್ ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್. ಅವಳು ಲಾಸ್ ಏಂಜಲೀಸಿನಲ್ಲಿ ಇತಿಹಾಸದ ಪಿಎಚ್.ಡಿ. ಮಾಡುತ್ತಿದ್ದಳು. ಸೋಮವಾರ ಟ್ರೇನು ಹತ್ತಿ ಹೋದರೆ ಶುಕ್ರವಾರ ಸಂಜೆ ಬರುವವಳು. ಹಾಗಾಗಿ ನನಗೆ ಅವಳ ಗುರುತು ಹತ್ತಿದ್ದೇ 2020ರಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡು ಅವಳ ಕ್ಲಾಸುಗಳೂ ಆನ್‌ಲೈನ್ ಆದ ಮೇಲೆ. ನಾನು ಟೊರ್ರಿ ಪೈನ್ಸಿನ ಒಂದು ಲ್ಯಾಬಿಗೆ ವಾರಕ್ಕೆ ಎರಡು ದಿನ ಹೋಗಿ ಫ್ರೀಜರುಗಳ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದೆ. ಉಳಿದ ದಿನ ಇಬ್ಬರೂ ಮಾಸ್ಕ್ ಹಾಕಿಕೊಂಡು, ಆರಡಿ ದೂರ ಬಿಟ್ಟುಕೊಂಡು ಸಂಜೆ ವಾಕ್ ಹೋಗುತ್ತಿದ್ದೆವು. ಆರಡಿ ದೂರದಿಂದ ಕೇಳಿಸಬೇಕೆಂದರೆ ಕೂಗಿಯೇ ಮಾತಾಡಬೇಕು. ಅರ್ಥವಾಗದಿದ್ದರೂ ನಮ್ಮ ಬೀದಿಯವರೆಲ್ಲ ಆ ವರ್ಷ ಕನ್ನಡದಲ್ಲಿ ಇಂಗ್ಲೆಂಡಿನ ಇತಿಹಾಸ ಕೇಳಿಸಿಕೊಂಡರು.

ಅವಳ ವಿಷಯ, ವೈಕಿಂಗರಿಗೆ ಇಂಗ್ಲೆಂಡಿನವರು ಕೊಟ್ಟ ಕಪ್ಪ. ಡೆನ್ಮಾರ್ಕಿನ ಕಡೆಯಿಂದ ಹಡಗುಗಳಲ್ಲಿ ಬಂದು ಲೂಟಿ ಮಾಡುತ್ತಿದ್ದರಲ್ಲ, ಅವರಿಗೆ. ಡೇನಿಶ್ ಎಂದರೆ ನನಗೆ ಗೊತ್ತಿದ್ದದ್ದು ಲ್ಯಾಬಿನ ಮೀಟಿಂಗಿನಲ್ಲಿ ಕಾಫಿಯ ಜೊತೆ ಇಡುವ ಸಿಹಿ ಬನ್ನು. ಹಾಗೆಂದಾಗ ಅವಳು ರಸ್ತೆಯಲ್ಲೇ ನಿಂತು ನಕ್ಕಿದ್ದು ನೆನಪಿದೆ. ಆಮೇಲೆ ತಾಳ್ಮೆಯಿಂದ ಹೇಳಿದಳು. ಹಡಗುಗಳು ಬರುತ್ತವೆ. ರಾಜ ತನ್ನವರನ್ನೆಲ್ಲ ಕೂರಿಸಿಕೊಂಡು ಆಲೋಚನೆ ಮಾಡುತ್ತಾನೆ. ಈ ವರ್ಷ ಕೊಟ್ಟು ಕಳಿಸೋಣ, ಜನ ಬದುಕಿಕೊಳ್ಳಲಿ, ಅಷ್ಟರಲ್ಲಿ ನಾವೂ ತಯಾರಾಗೋಣ ಎಂದು ತೀರ್ಮಾನವಾಗುತ್ತದೆ. ಮೊದಲ ಸಲ ಹತ್ತು ಸಾವಿರ ಪೌಂಡು ತೂಕದ ಬೆಳ್ಳಿ. ಮೂರೇ ವರ್ಷದಲ್ಲಿ ಅವರು ಮತ್ತೆ ಹಾಜರು, ಈಗ ಹದಿನಾರು ಸಾವಿರ. ಹೀಗೇ ಏರುತ್ತ ಹೋಗಿ, ಕಡೆಗೆ ಕಪ್ಪ ಕೇಳಲು ಬರುತ್ತಿದ್ದವನೇ ಸಿಂಹಾಸನದ ಮೇಲೆ ಕೂತ.

“ಎಂಥ ದಡ್ಡ ಜನ!” ಎಂದೆ.

“ಎಲ್ಲರೂ ಹಾಗೇ ನಗ್ತಾರೆ ಆಂಟಿ. ಮುಂದೇನಾಯ್ತು ಅಂತ ನಮಗೆ ಗೊತ್ತಲ್ಲ, ಅದಕ್ಕೆ. ಅವರಿಗೆ ಆ ಒಂದು ವರ್ಷ ಮಾತ್ರ ಗೊತ್ತಿತ್ತು. ಮನೆ ಸುಟ್ಟುಹೋಗೋದಕ್ಕಿಂತ ಬೆಳ್ಳಿ ಹೋದರೆ ಹೋಗಲಿ ಅಂದ್ಕೊಂಡ್ರು. ಪ್ರತಿ ಸಲವೂ ಇದೇ ಕೊನೆ ಅಂತ ನಂಬಿ ಕೊಟ್ರು. ನಾನು ಬರೀತಿರೋದೇ ಆ ನಂಬಿಕೆ ಬಗ್ಗೆ.”

ಇನ್ನೊಂದು ದಿನ ಒಬ್ಬ ಮುದಿ ಧರ್ಮಗುರುವಿನ ಕಥೆ ಹೇಳಿದಳು. ಕ್ಯಾಂಟರ್ಬರಿಯ ಆ ಗುರುವನ್ನು ದಾಳಿಕೋರರು ಸೆರೆ ಹಿಡಿದು ತಿಂಗಳುಗಟ್ಟಲೆ ಇಟ್ಟುಕೊಂಡರು. ಬಿಡಿಸಿಕೊಳ್ಳಲು ಬೇರೆ ಹಣ ಕೊಡಿ ಎಂದರು. ನನಗಾಗಿ ಯಾರೂ ಏನೂ ಕೊಡಕೂಡದು ಎಂದುಬಿಟ್ಟ ಆತ. ಕುಡಿದ ಅಮಲಿನಲ್ಲಿ ಅವರು ಊಟದ ಎತ್ತಿನ ಮೂಳೆಗಳನ್ನು ಎಸೆದೆಸೆದು ಅವನನ್ನು ಕೊಂದರಂತೆ. “ಕೊಟ್ಟವರ ಗತಿ ಅದು, ಕೊಡಲ್ಲ ಅಂದವನ ಗತಿ ಇದು” ಎಂದಳು. ನಾನು ಥಟ್ಟನೆ ಮಾತು ಬದಲಾಯಿಸಿ ಸಾರಿನ ಪುಡಿಗೆ ಕರಿಬೇವು ಎಲ್ಲಿ ಸಿಗುತ್ತದೆಂದು ಕೇಳಿದೆ. ಮೂಳೆಯ ಮಾತು ನನಗೆ ಆಗುವುದಿಲ್ಲ.

ಕಿರಣನ ವಿಷಯ ಹೇಳಬೇಕು. ಅವನು ಕೆಟ್ಟವನೆಂದು ಹೇಳಿದ್ದರೆ ನಮ್ಮ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಮ್ಮ ಮನೆಯ ವೈಫೈ ಕೆಟ್ಟರೆ ಕರೆಯುವ ಮುಂಚೆ ಬರುತ್ತಿದ್ದ. ಕೋವಿಡ್ ಶುರುವಾದಾಗ ನಮಗೆ ವಯಸ್ಸಾಯಿತೆಂದು ಹಾಲು ತರಕಾರಿ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. (ನನಗಾಗ ಐವತ್ನಾಲ್ಕು. ಸಿಟ್ಟು ಬಂದಿತ್ತು, ಆದರೆ ತರಕಾರಿ ಚೆನ್ನಾಗಿತ್ತು.) ಹೆಂಡತಿಯ ಮೇಲೆ ಅವನು ಕೈ ಎತ್ತಲಿಲ್ಲ. ಮಾತು ನಿಲ್ಲಿಸುತ್ತಿದ್ದ, ಅಷ್ಟೇ. ಎಂಟು ದಿನ, ಹತ್ತು ದಿನ. ಅವಳು ಬಡಿಸಿದ ತಟ್ಟೆಯನ್ನು ಎತ್ತಿ, ಅವಳು ನೋಡುತ್ತಿದ್ದ ಹಾಗೆ, ಅನ್ನವನ್ನು ಕಸದ ಡಬ್ಬಿಗೆ ಹಾಕಿ ತಟ್ಟೆ ತೊಳೆದಿಡುತ್ತಿದ್ದ. ಇದೆಲ್ಲ ನನಗೆ ತಿಳಿದದ್ದು ತುಣುಕು ತುಣುಕಾಗಿ, ಬಹಳ ತಡವಾಗಿ.

2021ರಲ್ಲಿ ಅವಳ ಯೂನಿವರ್ಸಿಟಿ ಮತ್ತೆ ತೆರೆಯಿತು. ವಾರವೆಲ್ಲ ಅಲ್ಲಿರುವುದು ಬೇಡ, ಒಂದು ದಿನ ಹೋಗಿ ಬಾ ಎಂದ. ಅವಳು ಅಲ್ಲಿದ್ದ ರೂಮು ಬಿಟ್ಟಳು. ಎರಡು ತಿಂಗಳು ಮನೆ ತಣ್ಣಗಿತ್ತು. ನಂತರ ಅವಳ ಸ್ಟೂಡೆಂಟ್ ವೀಸಾ ಅವನಿಗೆ ಚುಚ್ಚತೊಡಗಿತು. ನಿನ್ನದೇ ಬೇರೆ ವೀಸಾ ಇದ್ದರೆ ಯಾವತ್ತಾದರೂ ನನ್ನ ಬಿಟ್ಟುಹೋಗ್ತೀಯ ಎಂದು ಅತ್ತನಂತೆ. ಅವಳು ತನ್ನ ವೀಸಾ ಬಿಟ್ಟು, ಅವನ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಅಪ್ಲೈ ಮಾಡಿದಳು. ಮತ್ತೆ ಸ್ವಲ್ಪ ದಿನ ಶಾಂತಿ. ಆಮೇಲೆ ಫೋನಿನ ಪಾಸ್‌ವರ್ಡು. ಆಮೇಲೆ ಮೈಸೂರಿನ ಅಮ್ಮನೊಂದಿಗೆ ವಿಡಿಯೋ ಕಾಲ್ ಮಾಡುವುದಾದರೆ ಅವನು ಮನೆಯಲ್ಲಿದ್ದಾಗ ಮಾತ್ರ. ಸಂಜೆಯ ನಮ್ಮ ವಾಕ್ ವಾರಕ್ಕೆ ಎರಡಾಗಿ, ಒಂದಾಗಿ, ನಿಂತಿತು. ಚಳಿಗೆ ಮಂಡಿ ನೋವು ಎಂದಳು. ಮೂವತ್ನಾಲ್ಕು ವರ್ಷದವಳಿಗೆ, ಸ್ಯಾನ್ ಡಿಯೆಗೋದ ಚಳಿಗೆ! ನಾನು ನಂಬಿದೆ. ನಂಬುವುದು ಸುಲಭವಾಗಿತ್ತು.

2022ರ ವಸಂತದಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಅವಳು ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ಸಣ್ಣ ಸೂಟ್‌ಕೇಸು.

“ಆಂಟಿ, ನನ್ನ ಎಲ್‌ಎಗೆ ಡ್ರಾಪ್ ಮಾಡ್ತೀರಾ? ಟ್ರೇನ್ ಸ್ಟೇಷನ್ನಿಗೆ ಹೋಗೋಕೂ ಕಾರ್ ಕೀ ನನ್ನ ಹತ್ರ ಇಲ್ಲ.”

ಲ್ಯಾಬಿಗೆ ರಜೆ ಹೇಳಿ ಹೊರಟೆ. ಡೆಲ್ ಮಾರ್ ದಾಟಿ ಎಡಕ್ಕೆ ಸಮುದ್ರ ಕಾಣುವ ಹೊತ್ತಿಗೆ ಅವಳು ಹೇಳತೊಡಗಿದ್ದಳು. ಕಾರು ಓಡಿಸುವವರ ಮುಖ ನೋಡಬೇಕಾಗಿಲ್ಲವಾದ್ದರಿಂದ ಕಾರಿನಲ್ಲಿ ಎಂಥ ಮಾತೂ ಹೇಳಬಹುದು. ತಟ್ಟೆಯ ಅನ್ನದ ವಿಷಯ ಆಗಲೇ ಕೇಳಿದ್ದು. ಪಿಎಚ್.ಡಿ. ಬಿಡು ಎನ್ನುತ್ತಿದ್ದಾನೆ ಎಂದಳು. ಇನ್ನೆರಡು ಅಧ್ಯಾಯ ಉಳಿದಿತ್ತು. ಗೆಳತಿಯೊಬ್ಬಳ ಸೋಫಾದಲ್ಲಿ ಮಲಗಿಯಾದರೂ ಬರೆದು ಮುಗಿಸುತ್ತೇನೆ, ವಾಪಸ್ ಹೋಗುವುದಿಲ್ಲ ಎಂದಳು.

ಓಷನ್‌ಸೈಡ್ ದಾಟಿದ ಮೇಲೆ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಕಿರಣ್. ಮೂರನೇ ಸಲಕ್ಕೆ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಹೊರಗಿಳಿದು ಎತ್ತಿದೆ. ಅಳುತ್ತಿದ್ದ. ಗಂಡಸೊಬ್ಬ ಹಾಗೆ ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. “ಆಂಟಿ, ನೀವು ನನ್ನ ತಾಯಿ ಸಮಾನ. ಅವಳು ಹೋದ್ರೆ ನಾನು ಉಳಿಯಲ್ಲ. ಒಂದೇ ಒಂದು ಸಲ ಕರ್ಕೊಂಡು ಬನ್ನಿ, ಕೂತು ಮಾತಾಡ್ತೀನಿ.” ತಾಯಿ ಸಮಾನ ಎಂದರೆ ನಮ್ಮಂಥವರು ಕರಗಿಬಿಡುತ್ತೇವೆ. ಯಾರದಾದರೂ ಸಂಸಾರವನ್ನು ಉಳಿಸಿದವಳು ಎನ್ನಿಸಿಕೊಳ್ಳುವ ಆಸೆಯೂ ಇತ್ತೇನೋ. ಇತ್ತು.

ಕಾರಿಗೆ ಬಂದು ಅವಳ ಪಕ್ಕ ಕೂತು ಹೇಳಿದೆ. “ಒಂದು ಸಲ ವಾಪಸ್ ಹೋಗಿ ನೋಡು ಸುನಂದಾ. ಓದು ಎಲ್ಲಿಗೆ ಹೋಗುತ್ತೆ? ಸದ್ಯಕ್ಕೆ ಬಿಡ್ತೀನಿ ಅನ್ನು. ಅವನು ಸಮಾಧಾನ ಆಗಲಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಆಮೇಲೆ ನಿಧಾನವಾಗಿ ಶುರು ಮಾಡಿದ್ರಾಯ್ತು.”

ಅವಳು ಸಮುದ್ರದ ಕಡೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

“ಇದೊಂದು ಕೊಟ್ರೆ ಸುಮ್ಮನಾಗ್ತಾರೆ ಅಂತೀರಾ ಆಂಟಿ?”

“ಆಗ್ತಾನಮ್ಮ. ಇನ್ನೇನು ಕೇಳ್ತಾನೆ?”

ಒಂದೂವರೆ ವರ್ಷ ಅವಳ ಬಾಯಿಂದ ಆ ಕಪ್ಪದ ಕಥೆ ಕೇಳಿದ್ದೆ. ಆ ಗಳಿಗೆಯಲ್ಲಿ ಅದರ ಒಂದಕ್ಷರವೂ ನನಗೆ ನೆನಪಾಗಲಿಲ್ಲ. ಅವಳಿಗೆ ನೆನಪಾಗದೆ ಇರಲು ಸಾಧ್ಯವಿರಲಿಲ್ಲ. ಆದರೂ ತಲೆಯಾಡಿಸಿದಳು. ಮುಂದಿನ ಎಕ್ಸಿಟ್ ತೆಗೆದುಕೊಂಡು ನಾನು ಕಾರು ತಿರುಗಿಸಿದೆ. ದಾರಿಯುದ್ದಕ್ಕೂ ನಾನೊಬ್ಬಳೇ ಮಾತಾಡಿದೆ. ಕಿರಣ್ ಬಾಗಿಲಲ್ಲೇ ಕಾದಿದ್ದ. ಸೂಟ್‌ಕೇಸು ತೆಗೆದುಕೊಂಡು “ಥ್ಯಾಂಕ್ಸ್ ಆಂಟಿ” ಎಂದ. ಆ ಮಧ್ಯಾಹ್ನ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿದ್ದೆ ಬಂದದ್ದು ನಿಜ.

ಅವಳು ಓದು ಬಿಟ್ಟಳು. ಪುಸ್ತಕಗಳು ನಾಲ್ಕು ಡಬ್ಬಗಳಲ್ಲಿ ಅವರ ಗ್ಯಾರೇಜು ಸೇರಿ, ಒಂದು ದಿನ ಲೈಬ್ರರಿಗೆ ದಾನ ಹೋದವು. ಆಮೇಲೆ ಅವನು ಕೇಳಿದ್ದೇನು ಎಂದು ಪಟ್ಟಿ ಮಾಡುವ ಧೈರ್ಯ ನನಗಿಲ್ಲ. ಸಿಕ್ಕಾಗಲೆಲ್ಲ ಅವಳು ಸಣ್ಣವಳಾಗುತ್ತಿದ್ದಳು. ಅರ್ಧಕ್ಕೆ ಮಾತು ನಿಲ್ಲಿಸಿ “ಏನೋ ಹೇಳೋಕ್ಹೋದೆ, ಮರೆತೆ” ಎನ್ನುವುದು ರೂಢಿಯಾಯಿತು.

ಕಡೆಗೆ 2024ರಲ್ಲಿ, ಕೊಡಲು ಅವಳ ಬಳಿ ಏನೂ ಉಳಿಯದಿದ್ದಾಗ, ಡಿವೋರ್ಸ್ ಬೇಕೆಂದವನು ಅವನೇ. ನೀನು ಮೊದಲಿನ ಹಾಗಿಲ್ಲ, ಸತ್ತವಳ ಜೊತೆ ಬದುಕಿದ ಹಾಗಿದೆ ಎಂದನಂತೆ. ಡಿಪೆಂಡೆಂಟ್ ವೀಸಾ ಆ ಮದುವೆಯ ಜೊತೆಗೇ ಮುಗಿಯಿತು. ಲಾಯರನ್ನು ನೋಡೋಣ ಬಾ, ನಾನು ಕರೆದುಕೊಂಡು ಹೋಗುತ್ತೇನೆ ಎಂದು ನಾನು ಕುಣಿದಾಡಿದೆ. ಶಾಂತವಾಗಿ ಹೇಳಿದಳು: “ಸೈನ್ ಮಾಡಿಬಿಟ್ಟೆ ಆಂಟಿ. ಕೇಳಿದ ಕಡೆಯೆಲ್ಲ ಮಾಡಿದೆ. ಇದೇ ಕೊನೆ ಅಂದ್ರು.”

ಏರ್‌ಪೋರ್ಟಿಗೆ ಲಾಸ್ ಏಂಜಲೀಸಿನವರೆಗೆ ನಾನೇ ಡ್ರೈವ್ ಮಾಡಿದೆ. ಅದೇ ರಸ್ತೆ. ಈ ಸಲ ಎಲ್ಲೂ ನಿಲ್ಲಿಸಲಿಲ್ಲ, ಅವಳೂ ಹೇಳಲಿಲ್ಲ. ಊರು ಹತ್ತಿರವಾದಾಗ ಅವಳ ಯೂನಿವರ್ಸಿಟಿಯ ಕಡೆ ಹೋಗುವ ಬೋರ್ಡು ಬಂತು. ಇಬ್ಬರೂ ಓದಿದೆವು. ಏರ್‌ಪೋರ್ಟಿನ ಬಾಗಿಲಲ್ಲಿ ಇಳಿದು ನನ್ನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಬೇಡ ಎಂದು ಹಿಡಿದೆತ್ತಿದಾಗ, ಬಟ್ಟೆಯ ಗಂಟು ಎತ್ತಿದಷ್ಟು ಹಗುರವಾಗಿದ್ದಳು.

ಈ ಸಲದ ಹಬ್ಬದ ಹಿಂದಿನ ಸಂಜೆ, ಬೆಳ್ಳಿ ಸಾಮಾನನ್ನು ಸಿಂಕಿನಲ್ಲೇ ಬಿಟ್ಟು, ಕೈ ತೊಳೆದು, ಮೈಸೂರಿಗೆ ಅವಳಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಮನೆಯ ಹತ್ತಿರದ ಶಾಲೆಯಲ್ಲಿ ಆಫೀಸಿನ ಕೆಲಸ ಮಾಡುತ್ತಾಳಂತೆ, ಟೀಸಿ ಬರೆದುಕೊಡುವುದು, ಹಾಜರಿ ನೋಡುವುದು. ಇತಿಹಾಸ ಪಾಠ ಮಾಡು ಎಂದು ಹೆಡ್‌ಮಾಸ್ಟರು ಕೇಳಿದ್ದಕ್ಕೆ ಬೇಡ ಅಂದಳಂತೆ. “ಪಾಠ ಮಾಡೋಕೆ ಏನಾದ್ರೂ ನಂಬಿರಬೇಕು ಆಂಟಿ.”

ನಾನು ಮೂರು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ. ಅವತ್ತು ಕಾರು ತಿರುಗಿಸಬಾರದಿತ್ತು, ನನ್ನನ್ನು ಕ್ಷಮಿಸು ಎಂದೆ. ಇಲ್ಲ ಆಂಟಿ, ನಿಮ್ಮದೇನು ತಪ್ಪು ಎನ್ನುತ್ತಾಳೆಂದು ಒಳಗೊಳಗೇ ಕಾದಿದ್ದೆ ಎಂದು ಈಗ ಅನ್ನಿಸುತ್ತದೆ. ಅವಳು ಹಾಗೆನ್ನಲಿಲ್ಲ.

“ನನಗೆ ಉತ್ತರ ಗೊತ್ತಿತ್ತು ಆಂಟಿ. ಆದ್ರೂ ನಿಮ್ಮನ್ನ ಕೇಳಿದೆ. ಒಬ್ಬರಾದ್ರೂ ಬೇಡ ಅನ್ನಲಿ ಅಂತ ಕೇಳಿದೆ” ಎಂದಳು. ಆಮೇಲೆ, ಶಾಲೆಗೆ ಹೊತ್ತಾಯಿತು, ಇಡ್ತೀನಿ ಎಂದಳು.

ಮರುದಿನ ಹಬ್ಬ. ಅರಿಶಿನ ಕುಂಕುಮಕ್ಕೆ ಸುತ್ತಲಿನ ಕನ್ನಡದ ಹೆಂಗಸರೆಲ್ಲ ಬಂದಿದ್ದರು. ರೇಷ್ಮೆ ಸೀರೆ, ಮಲ್ಲಿಗೆ, ಮಕ್ಕಳ ಇಂಗ್ಲಿಷು. ಕಿರಣ್ ಮನೆ ಮಾರುತ್ತಿರುವ ಸುದ್ದಿ ಹೇಗೋ ಬಂತು. ಅವನೊಬ್ಬನೇ ಪಾಪ ಹೇಗೆ ನಿಭಾಯಿಸಿದನೋ ಎಂದರು ಒಬ್ಬರು. “ಆ ಹುಡುಗಿ ಚೂರೂ ಅಡ್ಜಸ್ಟ್ ಮಾಡ್ಕೊಳ್ಳಲಿಲ್ವಂತೆ, ಓದಿದೋರ ಹಣೆಬರಹವೇ ಇಷ್ಟು” ಎಂದರು ಇನ್ನೊಬ್ಬರು. ಇಂಥ ಮಾತು ಬಂದಾಗಲೆಲ್ಲ ಕಾಫಿ ತರುವ ನೆಪದಲ್ಲಿ ಎದ್ದುಹೋಗುವವಳು ನಾನು.

“ಮಾಡ್ಕೊಂಡಳು ಕಣ್ರೀ” ಎಂದೆ. “ಕೇಳಿದ್ದಕ್ಕೆಲ್ಲ ಮಾಡ್ಕೊಂಡಳು. ಮಾಡ್ಕೋ ಅಂತ ಹೇಳಿದ್ದು ನಾನು.”

ನನ್ನ ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ತಾಂಬೂಲ ತೆಗೆದುಕೊಂಡು, ಮಕ್ಕಳ ಚಪ್ಪಲಿ ಹುಡುಕಿಕೊಂಡು ಹೊರಟರು. ಮೂವತ್ತು ಜನಕ್ಕೆ ಮಾಡಿದ ಕೋಸಂಬರಿ ನೀರೊಡೆಯುತ್ತ ಹಾಗೇ ಉಳಿಯಿತು.