ಹುಣಸೆಹಣ್ಣಿಗೆ ಸಿಕ್ಕ ಹೂದಾನಿ

ತೊಂಬತ್ತರ ದಶಕದ ಕೊನೆ. ಡಚ್ಚರ ನಾಡಿನ ಜೂಟರ್‌ಮೀರ್ ಊರಿನ ಬಾಡಿಗೆ ಮನೆಯಲ್ಲಿ ನಾನು ಬಾಣಂತಿ. ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅವ್ವ ಅಡುಗೆಮನೆಯ ಸರ್ವಾಧಿಕಾರಿ. ಮಗು ನೋಡಲು ಬಂದ ಪಕ್ಕದ ಮನೆಯ ಡಚ್ ಅಜ್ಜಿ, ನಮ್ಮಲ್ಲಿ ಹೂದಾನಿ ಇಲ್ಲವೆಂದು ಬಲ್ಲವರಾದ್ದರಿಂದ, ಟುಲಿಪ್ ಹೂಗಳನ್ನು ತಮ್ಮ ಹೂದಾನಿಯ ಸಮೇತ ತಂದಿದ್ದರು.

ಅದು ಅವರ ಅಜ್ಜಿಗೆ ಅಮೆರಿಕದಿಂದ ಬಂದ ಮದುವೆಯ ಉಡುಗೊರೆ. ರೋಮನ್ನರ ಕಾಲದ ಗಾಜು ಮಣ್ಣಿನಲ್ಲಿ ಹೂತು ಹೂತು, ನೀರಿನ ಮೇಲೆ ತೇಲುವ ಸೀಮೆಎಣ್ಣೆಯಂತೆ ಬಣ್ಣ ಬಣ್ಣವಾಗುತ್ತದಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಕುಶಲಕರ್ಮಿಗಳು ಆ ಮುಪ್ಪಿಗೇ ಮರುಳಾಗಿ, ಹೊಸ ಗಾಜಿಗೆ ಬೇಕೆಂದೇ ಆ ಬಣ್ಣ, ಕಲೆ, ಗುಳಿ ಎಲ್ಲ ಬರಿಸಿದ್ದರು. ಹರೆಯದವರಿಗೆ ಸುಕ್ಕು ಬರಿಸುವ ಉದ್ಯೋಗ! ಅಜ್ಜಿಯ ಮಾತು ಕೇಳಿ ನಾನು ನಕ್ಕಿದ್ದೆ.

ಹೂ ಬಾಡಿದವು. ಬಂದ ಪಾತ್ರೆಯನ್ನು ಬೆಳಗದೆ, ಬರಿದಾಗಿ ಹಿಂದಿರುಗಿಸುವುದು ಅವ್ವನ ಜಾಯಮಾನವಲ್ಲ. ಮಧ್ಯಾಹ್ನ ನಿದ್ದೆಯಿಂದೆದ್ದು ನೋಡಿದರೆ ಸಿಂಕಿನಲ್ಲಿ ಹೂದಾನಿ, ಅವ್ವನ ಕೈಯಲ್ಲಿ ಹುಣಸೆಹಣ್ಣು, ತೆಂಗಿನ ನಾರು. ನೀರೆಲ್ಲ ಕಂದು.

"ಆಗಿಂದ ತಿಕ್ಕಾಕತ್ತೀನಿ. ಒಂದೀಟು ಹೊಲಸು ಬಿಟ್ತು, ಉಳಿದದ್ದು ಏನ್ ಮಾಡಿದ್ರೂ ಹೋಗವಲ್ದು."

"ಅವ್ವಾ, ಅದು ಹೊಲಸಲ್ಲ! ಬೇಕಂತನ ಹಂಗ ಮಾಡ್ಯಾರ!"

"ಬೇಕಂತ ಯಾರರ ಹೊಲಸು ಮಾಡ್ತಾರೇನು? ಯಾವ ಸೀಮಿ ಮಂದಿ!"

ಆ ಬೀದಿಯಲ್ಲಿ ನಮ್ಮ ಬಾಗಿಲು ತಟ್ಟುತ್ತಿದ್ದವರು ಆ ಅಜ್ಜಿಯೊಬ್ಬರೇ. ಅವರ ನೂರು ವರ್ಷದ ಆಸ್ತಿ ನಮ್ಮ ಸಿಂಕಿನಲ್ಲಿ ಕರಗಿಹೋಗಿದ್ದರೆ ಅವರನ್ನೂ ಕಳೆದುಕೊಂಡಂತೆಯೇ. ಅವ್ವನಿಗೆ ಯಾವ ಚಿಂತೆಯೂ ಇಲ್ಲ. ಹೂದಾನಿ ಒರೆಸಿ, ಅದರ ಅಗಲ ಬಾಯಿಯ ತುಂಬ ಬೇಸನ್ ಉಂಡೆ ಇಳಿಸಿ, ಮಗುವನ್ನೆತ್ತಿಕೊಂಡ ನನ್ನನ್ನೂ ಎಳೆದುಕೊಂಡು ಹೊರಟಳು.

ಅಜ್ಜಿ ಹೂದಾನಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೀಲಿ, ಹಸಿರು, ಬಂಗಾರ ಎಲ್ಲ ಝಗ್ಗನೆ ಹೊಳೆದವು. ನಾನು ತೊದಲುತ್ತಾ ಹುಣಸೆಹಣ್ಣಿನ ಕಥೆ ಹೇಳಿದೆ, ಕಂದು ನೀರನ್ನೂ ಮುಚ್ಚಿಡಲಿಲ್ಲ. ಅಜ್ಜಿ ಕುರ್ಚಿ ಹಿಡಿದುಕೊಂಡು ನಗತೊಡಗಿದರು.

"ಅದು ನನ್ನ ಗಂಡನ ಸಿಗಾರಿನ ಹೊಗೆ!" ಎಂದರು ಇಂಗ್ಲಿಷಿನಲ್ಲಿ. "ಹೊರಗೆ ಹೋಗಿ ಸೇದು ಅಂತ ಅವನಿರೋವರೆಗೂ ಬಡ್ಕೊಂಡೆ. ಇವತ್ತು ಹೋದ ನೋಡು ಹೊರಗೆ!"

ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅವ್ವ ಹಣೆ ಬಡಿದುಕೊಂಡು ನಕ್ಕಳು. ಮೂವರೂ ಉಂಡೆ ತಿಂದೆವು.

ಮುಂಚೆ ಹೇಳದೆ ಯಾರೂ ಯಾರ ಮನೆಗೂ ಹೋಗದ ಊರು ಅದು. ಮರುದಿನ ಬೆಳಿಗ್ಗೆಯೇ ಬಾಗಿಲು ತಟ್ಟಿದ ಸದ್ದು. ಮೇಣದಬತ್ತಿ ನಿಲ್ಲಿಸುವ, ಕಪ್ಪಿಟ್ಟ ಎರಡು ಹಿತ್ತಾಳೆ ಕಂಬ ಹಿಡಿದು ನಿಂತಿದ್ದ ಅಜ್ಜಿ, ನನ್ನ ಭುಜದಾಚೆ ಇಣುಕಿ ಕೇಳಿದರು:

"ಅವ್ವಾ?"